ಹೊಸ ಉಪ್ಪುನೀರಿನ ಟ್ಯಾಂಕಿನಲ್ಲಿ ಪಾಚಿ ಬಂದರೆ ಎಲ್ಲಾ ಕೆಟ್ಟುಹೋಯಿತಾ? ಪಾಚಿಗಾಗಿ ಕಾದು ಕೂತ ಫಿಲಿಪ್ ಗೋಸ್ ಕಥೆ ಓದಿ

ಮನೆಯಲ್ಲಿ ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತಾರೆ. ಮೊದಲ ವಾರ ನೀರು ಕನ್ನಡಿ ಹಾಗೆ ಇರುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಿಳಿ ಮರಳಿನ ಮೇಲೆ ಕಾಫಿಪುಡಿ ಉದುರಿಸಿದಂತೆ ಕಂದು ಪದರ ಬರುತ್ತದೆ. ಆಮೇಲೆ ಗಾಜಿನ ಮೇಲೆ ಹಸಿರು, ಕಲ್ಲಿನ ಮೇಲೆ ಕೂದಲಿನಂಥ ಎಳೆಗಳು. ಅಷ್ಟರಲ್ಲಿ ಯಾರೋ ಒಬ್ಬರು ಸಲಹೆ ಕೊಟ್ಟಿರುತ್ತಾರೆ: ನೀರು ವಿಷವಾಗಿದೆ, ಪೂರ್ತಿ ಚೆಲ್ಲಿ, ಕಲ್ಲುಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಮತ್ತೆ ಮೊದಲಿನಿಂದ ಶುರುಮಾಡಿ.

ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಬೇಡ ಅನ್ನುವುದನ್ನು ಬರೀ ವಿಜ್ಞಾನವಾಗಿ ಹೇಳುವ ಬದಲು ಒಬ್ಬ ಮನುಷ್ಯನ ಬದುಕಿನ ಮೂಲಕ ಹೇಳುವುದು ನಮಗೆ ಸರಿ ಅನ್ನಿಸಿತು. ಅವರ ಹೆಸರು ಫಿಲಿಪ್ ಹೆನ್ರಿ ಗೋಸ್. ಇಂಗ್ಲೆಂಡಿನವರು. ಇಂದು ನಾವು ಬಳಸುವ ಅರ್ಥದಲ್ಲಿ ‘ಅಕ್ವೇರಿಯಂ’ ಎಂಬ ಪದವನ್ನು ಜನರ ಬಾಯಿಗೆ ತಂದವರು. 1854ರಲ್ಲಿ ಅವರು ಲಂಡನ್ನಿನ ತಮ್ಮ ಮನೆಯಲ್ಲಿ ಒಂದು ಗಾಜಿನ ಜಾಡಿ ಇಟ್ಟುಕೊಂಡು, ಅದರಲ್ಲಿ ಪಾಚಿ ಕಾಣಿಸಿಕೊಳ್ಳಲಿ ಎಂದು ಬೇಕೆಂದೇ ಕಾದಿದ್ದರು.

ಗೋಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ಅಪ್ಪ ಥಾಮಸ್ ಊರೂರು ಅಲೆದು ಜನರ ಚಿಕ್ಕಚಿಕ್ಕ ಭಾವಚಿತ್ರ ಬರೆದು ಬದುಕುತ್ತಿದ್ದ ಕಲಾವಿದ. ಮನೆಯಲ್ಲಿ ದುಡ್ಡಿಗೆ ಯಾವಾಗಲೂ ಕೊರತೆ. ಸಂಸಾರ ನೆಲೆ ನಿಂತದ್ದು ದಕ್ಷಿಣ ಕರಾವಳಿಯ ಪೂಲ್ ಎಂಬ ಬಂದರು ಊರಿನಲ್ಲಿ. ಅಲ್ಲಿ ಹುಡುಗನಿಗೆ ಎರಡು ಪಾಠ ಸಿಕ್ಕವು. ಒಂದು, ಅಪ್ಪನಿಂದ ಕಲಿತ ಸೂಕ್ಷ್ಮ ಚಿತ್ರಕಲೆ. ಇನ್ನೊಂದು ಸೋದರತ್ತೆ ಸೂಸನ್ ಬೆಲ್ ಅವರಿಂದ. ಕಡಲ ಬಂಡೆಗಳ ಮಧ್ಯೆ ಹೂವಿನಂತೆ ಅರಳಿ ಕೂರುವ ಅನಿಮೋನ್ ಎಂಬ ಪ್ರಾಣಿಯನ್ನು ಅವನಿಗೆ ಪರಿಚಯಿಸಿ, ಒಂದು ಪಾತ್ರೆಯಲ್ಲಿ ಸಮುದ್ರದ ನೀರು ತುಂಬಿಸಿ ಸಾಕಿ ನೋಡು ಎಂದವರು ಆ ಅತ್ತೆಯೇ. ಅವರ ಮಗ ಥಾಮಸ್ ಬೆಲ್ ಮುಂದೆ ಹೆಸರಾಂತ ಪ್ರಾಣಿಶಾಸ್ತ್ರಜ್ಞರಾದರು. ಆದರೆ ಈ ಕಥೆಯಲ್ಲಿ ನಮಗೆ ಮುಖ್ಯ ಅನ್ನಿಸುವುದು ಮಗನಲ್ಲ, ತಾಯಿ.

1827ರಲ್ಲಿ, ಇನ್ನೂ 17 ತುಂಬಿದ ಹುಡುಗ, ಗೋಸ್ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನ ಕಾರ್ಬೊನಿಯರ್‌ಗೆ ಗುಮಾಸ್ತನಾಗಿ ಹೋದರು. ಹಗಲು ಲೆಕ್ಕಪತ್ರ, ಬಿಡುವಿನಲ್ಲಿ ಹುಳುಹುಪ್ಪಟೆ. 1832ರಲ್ಲಿ ಸೂಕ್ಷ್ಮದರ್ಶಕದ ಬಗೆಗಿನ ಒಂದು ಹಳೆಯ ಪುಸ್ತಕ ಕೈಗೆ ಬಿತ್ತು, ಅಲ್ಲಿಂದ ಹುಚ್ಚು ಖಾಯಂ ಆಯಿತು. ಅದೇ ಕಾಲಕ್ಕೆ ದೇವರಲ್ಲಿ ಗಾಢ ಭಕ್ತಿಯೂ ಬೆಳೆಯಿತು. ಎರಡೂ ಕೊನೆಯವರೆಗೆ ಅವರ ಜೊತೆಗಿದ್ದವು. ಆಮೇಲೆ ಕೆನಡಾದ ಕಾಂಪ್ಟನ್‌ನಲ್ಲಿ ಮೂರು ವರ್ಷ ಬೇಸಾಯ ಮಾಡಿ ಕೈಸುಟ್ಟುಕೊಂಡರು. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೇಷ್ಟರ ಕೆಲಸ ಮಾಡಿದರು. ಅಲ್ಲಿನ ಗುಲಾಮಗಿರಿ ನೋಡಿ ಹೇಸಿ, ಒಂದು ವರ್ಷ ಕೂಡ ಇರದೆ ಇಂಗ್ಲೆಂಡಿಗೆ ವಾಪಸಾದರು. 1844ರಿಂದ 46ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಅದಕ್ಕೆ ನೆರವಾದ ಸ್ಥಳೀಯ ವಿದ್ವಾಂಸ ರಿಚರ್ಡ್ ಹಿಲ್ ಅವರ ಹೆಸರನ್ನು ಪುಸ್ತಕದ ಮೊದಲ ಪುಟದಲ್ಲೇ ಹಾಕಿಸಿದರು. ಆ ಕಾಲದ ಬಿಳಿಯ ಲೇಖಕರು ಹಾಗೆ ಮಾಡುತ್ತಿದ್ದುದು ಕಡಿಮೆ.

1848ರಲ್ಲಿ ಎಮಿಲಿ ಬೋವ್ಸ್ ಜೊತೆ ಮದುವೆಯಾಯಿತು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ. ಹೊಟ್ಟೆಪಾಡಿಗೆ ಒಂದರ ಹಿಂದೊಂದು ಪುಸ್ತಕ ಬರೆದು ಬರೆದು 1852ರ ಹೊತ್ತಿಗೆ ಗೋಸ್ ಆರೋಗ್ಯ ಕುಸಿಯಿತು. ಲಂಡನ್ ಬಿಟ್ಟು ಮೂವರೂ ಡೆವನ್ ಕರಾವಳಿಗೆ ಹೋದರು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳಲ್ಲಿ ಮೊಣಕಾಲೂರಿ, ಸುತ್ತಿಗೆ ಉಳಿ ಹಿಡಿದು, ಕಲ್ಲಿನ ಚೂರಿನ ಸಮೇತ ಅನಿಮೋನ್ ಮತ್ತು ಕಡಲಪಾಚಿಯನ್ನು ಕಿತ್ತು ತಂದು ಗಾಜಿನ ಪಾತ್ರೆಯಲ್ಲಿ ಇಡತೊಡಗಿದರು. ಅತ್ತೆ ಹೇಳಿಕೊಟ್ಟ ಆಟ, ಈಗ ಪ್ರಯೋಗವಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಮಾಡಬೇಕು. ಗೋಸ್ ಅಕ್ವೇರಿಯಂ ಕಂಡುಹಿಡಿದರು ಎಂದು ಹಲವೆಡೆ ಓದುತ್ತೀರಿ. ಅದು ಪೂರ್ತಿ ನಿಜವಲ್ಲ. 1830ರ ದಶಕದಲ್ಲೇ ಫ್ರಾನ್ಸ್ ಮೂಲದ ಜೀನ್ ವಿಲ್‌ಪ್ರೂ ಪವರ್ ಎಂಬ ಮಹಿಳೆ ಸಿಸಿಲಿಯಲ್ಲಿ ಕಡಲ ಜೀವಿಗಳ ಅಧ್ಯಯನಕ್ಕೆ ಗಾಜಿನ ತೊಟ್ಟಿ ಬಳಸಿದ್ದರು. 1846ರಿಂದ ಆನಾ ಥಿನ್ ಎಂಬಾಕೆ ಲಂಡನ್ನಿನಲ್ಲಿ ಹವಳದ ಜೀವಿಗಳನ್ನು ಬದುಕಿಸಿ ಇಟ್ಟುಕೊಂಡಿದ್ದರು. ಪಂಪ್ ಇಲ್ಲದ ಕಾಲ ಅದು. ನೀರಿಗೆ ಗಾಳಿ ಸೇರಲಿ ಎಂದು ಮನೆಗೆಲಸದವಳು ದಿನಾ ಕಿಟಕಿ ಪಕ್ಕ ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ, ನಾವು ಚಹಾ ಆರಿಸಿದ ಹಾಗೆ, ಎತ್ತಿ ಸುರಿಯುತ್ತಿದ್ದಳು. 1850ರಲ್ಲಿ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್, ನೀರುಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟು, ನೀರು ಬದಲಿಸದೆ ನಡೆಸಬಹುದು ಎಂದು ತೋರಿಸಿದ್ದರು. ಕೊಳೆತ ಎಲೆಯನ್ನೂ ಪಾಚಿಯನ್ನೂ ತಿನ್ನಲು ಬಸವನಹುಳು ಬೇಕೇಬೇಕು ಅನ್ನುವುದು ಅವರ ಪ್ರಯೋಗದ ಜೀವಾಳ.

ಗೋಸ್ ಮಾಡಿದ್ದು ಏನೆಂದರೆ, ಇದನ್ನೆಲ್ಲ ಸಮುದ್ರದ ನೀರಿನಲ್ಲಿ ಮಾಡಿ, ಸಾಮಾನ್ಯ ಮನೆಯವರಿಗೆ ಅರ್ಥವಾಗುವಂತೆ ಬರೆದದ್ದು. 1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ‘ಫಿಶ್ ಹೌಸ್’ ತೆರೆಯಿತು. ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ಅದು. ಅದಕ್ಕೆ ಜೀವಿಗಳನ್ನು ಸಂಗ್ರಹಿಸಿ ಕೊಟ್ಟವರಲ್ಲಿ ಗೋಸ್ ಕೂಡ ಒಬ್ಬರು. ಮರುವರ್ಷ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಅದರ ಬಣ್ಣದ ಚಿತ್ರಗಳ ಹಿಂದೆ ಅಪ್ಪನಿಂದ ಕಲಿತ ಕೈ ಇತ್ತು.

ಈಗ ಆ ಜಾಡಿಗೆ ಬರೋಣ. ಲಂಡನ್ನಿನಂಥ ಊರಿಗೆ ಸಮುದ್ರದ ನೀರು ತರಿಸುವುದು ದುಬಾರಿ, ತಲೆನೋವಿನ ಕೆಲಸ. ಹಾಗಾದರೆ ಮನೆಯಲ್ಲೇ ಯಾಕೆ ತಯಾರಿಸಬಾರದು? ಸಮುದ್ರದ ನೀರಿನ ರಾಸಾಯನಿಕ ವಿಶ್ಲೇಷಣೆಯ ಪಟ್ಟಿ ನೋಡಿ ಗೋಸ್ ನಾಲ್ಕು ಲವಣ ಆರಿಸಿಕೊಂಡರು: ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್, ಮೆಗ್ನೀಷಿಯಂ ಕ್ಲೋರೈಡ್, ಪೊಟಾಷಿಯಂ ಕ್ಲೋರೈಡ್. ಇವನ್ನು ಸಿಹಿನೀರಿನಲ್ಲಿ ಕರಗಿಸಿ, ಸ್ಪಂಜಿನಲ್ಲಿ ಸೋಸಿ, ಮಿಠಾಯಿ ಅಂಗಡಿಯವರು ಇಡುವಂಥ ಗಾಜಿನ ಜಾಡಿಗೆ ಸುರಿದರು. ತಳದಲ್ಲಿ ತೊಳೆದ ಸಣ್ಣ ಬೆಣಚುಕಲ್ಲು. ಅದರ ಮೇಲೆ ಉಲ್ವ ಎಂಬ, ತೆಳುಹಾಳೆಯಂಥ ಹಸಿರು ಕಡಲಪಾಚಿ ಅಂಟಿಕೊಂಡಿದ್ದ ಒಂದೆರಡು ಕಲ್ಲಿನ ಚೂರು.

ಅಷ್ಟು ಮಾಡಿ ಕೈಕಟ್ಟಿ ಕೂತರು. ಪ್ರಾಣಿ ಒಂದನ್ನೂ ಬಿಡಲಿಲ್ಲ.

ಅವರ ಲೆಕ್ಕ ಹೀಗಿತ್ತು. ಭೂಮಿಯ ಮೇಲೆ ಮೊದಲು ಬಂದದ್ದು ಸಸ್ಯ, ಆಮೇಲೆ ಪ್ರಾಣಿ. ಜಾಡಿಯಲ್ಲೂ ಅದೇ ಕ್ರಮ ಇರಲಿ. ಮೊದಲು ಪಾಚಿಯ ಬೀಜಕಣ ನೀರಿನಲ್ಲೆಲ್ಲ ಹರಡಲಿ, ಬೆಳೆಯುವ ಪಾಚಿ ನೀರಿಗೆ ಬಿಡುವ ಇನ್ನೇನಾದರೂ ಕಣ್ಣಿಗೆ ಕಾಣದ ವಸ್ತು ಇದ್ದರೆ ಅದೂ ಸೇರಲಿ. ಕೆಲವೇ ದಿನಗಳಲ್ಲಿ ಗಾಜಿನ ಒಳಮೈಗೆ ಹಸಿರು ಪದರ ಹತ್ತಿತು. ಬಿಸಿಲು ಬಿದ್ದಾಗ ಆಮ್ಲಜನಕದ ಗುಳ್ಳೆಗಳು ಎದ್ದವು. ಇಂದು ನಾವು ಗಾಬರಿಯಾಗಿ ಉಜ್ಜಲು ಹೋಗುವ ಅದೇ ಪದರ ಅವರಿಗೆ ಹಸಿರು ನಿಶಾನೆ ಆಯಿತು. ಒಂದು ವಾರ ಕಳೆದ ಮೇಲೆ ಅನಿಮೋನ್ ಮುಂತಾದ ಪುಟ್ಟ ಜೀವಿಗಳನ್ನು ಬಿಟ್ಟರು. ಅವು ಬದುಕಿದವು. ಆ ವರ್ಷವೇ ಗೋಸ್ ಈ ಪಾಕವಿಧಾನವನ್ನು ಅಳತೆ ಸಮೇತ ಪ್ರಕಟಿಸಿದರು.

ಗೋಸ್ ಮಾಡಿದ್ದು ಸರಿ, ಆದರೆ ಅವರು ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ಆಮ್ಲಜನಕದ ಮಾತು ನಿಜ. ಆದರೆ ಹೊಸ ಟ್ಯಾಂಕಿನಲ್ಲಿ ಪ್ರಾಣಿಗಳನ್ನು ಹೆಚ್ಚಾಗಿ ಕೊಲ್ಲುವುದು ಅಮೋನಿಯ. ಮೀನಿನ ಮಲ, ಉಳಿದ ಆಹಾರ, ಸತ್ತು ಕೊಳೆತ ಎಲ್ಲವೂ ಅಮೋನಿಯ ಆಗುತ್ತದೆ. ಕಲ್ಲು, ಮರಳು, ಫಿಲ್ಟರ್ ಮೇಲೆ ಅಂಟಿ ಬೆಳೆಯುವ ಒಂದು ಗುಂಪಿನ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ಅಪಾಯಕಾರಿ, ಮೂರನೆಯದು ಕಡಿಮೆ ಪ್ರಮಾಣದಲ್ಲಿದ್ದರೆ ಸಹಿಸಬಹುದು. ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವ ಜಾತಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಮುದ್ರದಿಂದ ತಂದ ಪಾಚಿಕಲ್ಲಿನ ಜೊತೆ ಗೋಸ್ ತಮಗೆ ಗೊತ್ತಿಲ್ಲದೆಯೇ ಈ ಬ್ಯಾಕ್ಟೀರಿಯಾವನ್ನೂ ಜಾಡಿಗೆ ಹಾಕಿದ್ದರು. ಪಾಚಿ ಕೂಡ ಅಮೋನಿಯವನ್ನು ನೇರವಾಗಿ ಹೀರಿಕೊಳ್ಳುತ್ತದೆ. ಅವರ ಜಾಡಿಯಲ್ಲಿ ಇದ್ದದ್ದು ಚಿಕ್ಕ ಜೀವಿಗಳಾದ್ದರಿಂದ ಒಂದು ವಾರಕ್ಕೇ ಗೆದ್ದರು. ಮೀನು ಬಿಡುವವರು ಅಷ್ಟಕ್ಕೇ ಧೈರ್ಯ ಮಾಡಬಾರದು.

ಈಗ ನಿಮ್ಮ ಟ್ಯಾಂಕ್. ಮೊದಲು ಬರುವ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದಕ್ಕೆ ಗಾಜಿನಂಥ ಚಿಪ್ಪಿರುತ್ತದೆ, ಚಿಪ್ಪು ಕಟ್ಟಲು ನೀರಿನಲ್ಲಿರುವ ಸಿಲಿಕೇಟ್ ಬೇಕು. ಬೋರ್‌ವೆಲ್ ಅಥವಾ ನಲ್ಲಿ ನೀರಿಗೆ ಉಪ್ಪು ಕಲಸಿದ್ದರೆ ಅದಕ್ಕೆ ಹಬ್ಬ. ಸಿಲಿಕೇಟ್ ಖಾಲಿಯಾದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಆಮೇಲೆ ಬರುವ ಹಸಿರಿಗೆ ನೈಟ್ರೇಟ್, ಫಾಸ್ಫೇಟ್, ಬೆಳಕು ಮೂರೂ ಬೇಕು. ಕೆಂಪು ಲೋಳೆಯಂತೆ ಚಾದರ ಹೊದಿಸಿದ ಹಾಗೆ ಬಂದರೆ ಅದು ಪಾಚಿ ಅಲ್ಲವೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಇದೆಲ್ಲ ಒಂದಾದ ಮೇಲೊಂದು ಬಂದು ಹೋಗುವುದು ಹೊಸ ಟ್ಯಾಂಕಿನ ಸಹಜ ಬೆಳವಣಿಗೆ. ಎಲ್ಲವನ್ನೂ ಚೆಲ್ಲಿ ಬ್ಲೀಚ್ ಹಾಕಿದರೆ ಪಾಚಿಯ ಜೊತೆ ಆರು ವಾರ ಬೆಳೆದ ಬ್ಯಾಕ್ಟೀರಿಯಾ ಕೂಡ ಸಾಯುತ್ತದೆ. ಪಾಚಿ ಮತ್ತೆ ಬರುತ್ತದೆ, ಅಮೋನಿಯ ಕೂಡ ಮತ್ತೆ ಏರುತ್ತದೆ, ಈ ಸಲ ಮೀನು ಒಳಗಿರುತ್ತದೆ.

ಹಾಗಂತ ಸುಮ್ಮನೆ ಬಿಡಿ ಎಂದೂ ನಾವು ಹೇಳುತ್ತಿಲ್ಲ. ಆರ್‌ಒ ನೀರು ಬಳಸಿ, ಸಾಧ್ಯವಾದರೆ ಅದರ ಮುಂದೆ ಡಿಐ ಫಿಲ್ಟರ್ ಕೂಡ ಇರಲಿ. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸಿರಬಹುದು, ಟಿಡಿಎಸ್ ಮೀಟರಿನಲ್ಲಿ ನೋಡಿಕೊಳ್ಳಿ. ದೀಪ ದಿನಕ್ಕೆ ಎಂಟು ಗಂಟೆ ಸಾಕು, ಟ್ಯಾಂಕಿಗೆ ನೇರ ಬಿಸಿಲು ಬೇಡ. ಆಹಾರ ಚಿಟಿಕೆ ಕಡಿಮೆಯೇ ಹಾಕಿ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸಿ. ಗಾಜು ಉಜ್ಜಿ, ಉದ್ದ ಎಳೆಗಳನ್ನು ಕೈಯಿಂದ ಕಿತ್ತು ಹೊರಹಾಕಿ, ಏಕೆಂದರೆ ಎಳೆಯ ಜೊತೆ ಅದು ಹೀರಿಕೊಂಡ ನೈಟ್ರೇಟ್ ಕೂಡ ಹೊರಹೋಗುತ್ತದೆ. ತಾಮ್ರ ಇರುವ ಪಾಚಿನಾಶಕ ಮಾತ್ರ ಬೇಡವೇ ಬೇಡ. ಬಸವನಹುಳು, ಸಿಗಡಿ, ಅನಿಮೋನ್, ಹವಳ ಎಲ್ಲಕ್ಕೂ ತಾಮ್ರ ವಿಷ, ಕಲ್ಲಿಗೆ ಅಂಟಿಕೊಂಡರೆ ಸುಲಭಕ್ಕೆ ಹೋಗುವುದೂ ಇಲ್ಲ.

ಬಸವನಹುಳುವಿನ ವಿಷಯದಲ್ಲಿ ಗೋಸ್ ಗಂಟೆಗಟ್ಟಲೆ ಸೋತುಹೋಗಿದ್ದರು. ಪೆರಿವಿಂಕಲ್ ಎಂಬ ಪುಟ್ಟ ಕಡಲ ಬಸವನಹುಳು ಗಾಜಿನ ಮೇಲೆ ತೆವಳುತ್ತಾ ಪಾಚಿ ತಿನ್ನುವುದನ್ನು ಅವರು ಭೂತಗನ್ನಡಿ ಹಿಡಿದು ನೋಡಿದರು. ನಾಲಿಗೆಯಂಥ ಪಟ್ಟಿ, ಅದರ ತುಂಬ ಸಾಲುಸಾಲು ಹಲ್ಲು. ಹೊಲದಲ್ಲಿ ಉದ್ದ ಹಿಡಿಯ ಕುಡುಗೋಲು ಬೀಸಿ ಹುಲ್ಲು ಕೊಯ್ಯುವವನು ಬಿಟ್ಟು ಹೋಗುವ ಬಾಗಿದ ಸಾಲುಗಳಂತೆಯೇ ಹಸಿರು ಗಾಜಿನ ಮೇಲೆ ಅದರ ಹಲ್ಲಿನ ಗುರುತು ಮೂಡುತ್ತಿತ್ತು. ಅದನ್ನು ಬರೆಯುವಾಗ ಅವರಿಗಿದ್ದ ಖುಷಿ ಇಂದಿಗೂ ತಿಳಿಯುತ್ತದೆ. ಪಾಚಿಯನ್ನು ಪೂರ್ತಿ ಇಲ್ಲವಾಗಿಸುವುದು ಅವರ ಗುರಿ ಆಗಿರಲಿಲ್ಲ, ಕೊಯ್ಯುವವರನ್ನು ಸಾಕುವುದು ಗುರಿ. ಇವತ್ತು ಅಂಗಡಿಯವರು ‘ಕ್ಲೀನ್ ಅಪ್ ಕ್ರೂ’ ಎಂದು ಮಾರುವುದು ಇದನ್ನೇ. ಪಾಚಿ ಬೆಳೆಯುವ ಮೊದಲೇ ತಂದು ಬಿಟ್ಟರೆ ಅವು ಉಪವಾಸ ಸಾಯುತ್ತವೆ, ನೆನಪಿರಲಿ.

ಪುಸ್ತಕ ಬಂದದ್ದೇ ತಡ, ಇಂಗ್ಲೆಂಡಿಗೆ ಅಕ್ವೇರಿಯಂ ಹುಚ್ಚು ಹಿಡಿಯಿತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿತ್ತು, ರೈಲು ಕಡಲತೀರದವರೆಗೂ ಹೋಗುತ್ತಿತ್ತು. ಜನ ಬುಟ್ಟಿ, ಜಾಡಿ ಹಿಡಿದು ಬಂಡೆಗಳಿಗೆ ಮುಗಿಬಿದ್ದರು. ಗೋಸ್ ಬರೆದ ಸುಂದರ ಚಿತ್ರ ಎಲ್ಲರ ಕಣ್ಣಿಗೆ ಬಿತ್ತು, ಕಾಯುವ ಭಾಗ ಬೀಳಲಿಲ್ಲ. ತಂದ ದಿನವೇ ಪಾತ್ರೆ ತುಂಬಿಸಿದರು, ಕೆಲವೇ ದಿನಕ್ಕೆ ನೀರು ನಾರಿತು, ಮತ್ತೆ ತೀರಕ್ಕೆ ಹೋಗಿ ಇನ್ನಷ್ಟು ಕಿತ್ತರು. 1860ರ ದಶಕ ಮುಗಿಯುವಷ್ಟರಲ್ಲಿ ಬಹುಪಾಲು ಮನೆಗಳಲ್ಲಿ ತೊಟ್ಟಿಗಳು ಮೂಲೆ ಸೇರಿದ್ದವು. ಅಷ್ಟರೊಳಗೆ ಡೆವನ್ ತೀರದ ಎಷ್ಟೋ ಗುಂಡಿಗಳು ಬರಿದಾಗಿದ್ದವು. (ನಮ್ಮ ದೇಶದಲ್ಲಿ ಹವಳ ಇಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ತೀರದಿಂದ ಹವಳದ ಕಲ್ಲು ಕಿತ್ತು ಟ್ಯಾಂಕಿಗೆ ತರುವುದು ಅಪರಾಧ.)

ಕೀರ್ತಿ ಏರಿದ್ದೇ ಹೊತ್ತಿಗೆ ಮನೆಯಲ್ಲಿ ಕತ್ತಲು ಕವಿಯಿತು. 1856ರಲ್ಲಿ ಗೋಸ್ ರಾಯಲ್ ಸೊಸೈಟಿಯ ಸದಸ್ಯರಾದರು. ಅದೇ ವರ್ಷ ಎಮಿಲಿಗೆ ಸ್ತನದಲ್ಲಿ ಗಂಟು ಕಾಣಿಸಿತು. ಶಸ್ತ್ರಚಿಕಿತ್ಸೆಗೆ ಹೆದರಿ ದಂಪತಿ ಅಮೆರಿಕದಿಂದ ಬಂದಿದ್ದ ಫೆಲ್ ಎಂಬ ವೈದ್ಯನ ಬಳಿ ಹೋದರು. ಬ್ಲಡ್‌ರೂಟ್ ಎಂಬ ಗಿಡದ ಬೇರು, ಜಿಂಕ್ ಕ್ಲೋರೈಡ್ ಸೇರಿಸಿದ ಸುಡುವ ಲೇಪ ಹಚ್ಚಿ ಗಂಟನ್ನು ಕಿತ್ತು ತೆಗೆಯುತ್ತೇನೆ ಎಂಬುದು ಆತನ ಭರವಸೆ. ತಿಂಗಳುಗಟ್ಟಲೆ ಯಾತನೆ ಪಟ್ಟು 1857ರ ಫೆಬ್ರವರಿಯಲ್ಲಿ ಎಮಿಲಿ ತೀರಿಕೊಂಡರು. ಎಡ್ಮಂಡ್‌ಗೆ ಆಗ ಏಳು ವರ್ಷ. ಇದನ್ನು ಇಲ್ಲಿ ಬರೆಯಲು ಕಾರಣವಿದೆ: ‘ಬ್ಲ್ಯಾಕ್ ಸಾಲ್ವ್’ ಹೆಸರಿನಲ್ಲಿ ಅದೇ ಬಗೆಯ ಲೇಪ ಇಂದಿಗೂ ಆನ್‌ಲೈನಿನಲ್ಲಿ ಕ್ಯಾನ್ಸರ್ ಮದ್ದು ಎಂದು ಮಾರಾಟವಾಗುತ್ತಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮೋಸದ ಕ್ಯಾನ್ಸರ್ ಮದ್ದುಗಳ ಪಟ್ಟಿಗೆ ಸೇರಿಸಿದೆ. ಅದು ಮೇಲಿನ ಚರ್ಮ ಸುಟ್ಟು ಕಲೆ ಕಟ್ಟಿಸುತ್ತದೆ, ಕೆಳಗೆ ಕ್ಯಾನ್ಸರ್ ಬೆಳೆಯುತ್ತಲೇ ಇರಬಹುದು. ಅಂಥ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ.

ಆ ವರ್ಷವೇ ಗೋಸ್ ‘ಓಂಫಲೋಸ್’ ಎಂಬ ಪುಸ್ತಕ ಹೊರತಂದರು. ಭೂಮಿ ಬಹಳ ಹಳೆಯದು ಎಂದು ಭೂವಿಜ್ಞಾನಿಗಳು ಹೇಳುತ್ತಿದ್ದರು, ಬೈಬಲ್ ಪ್ರಕಾರ ಅದು ಎಳೆಯದು. ಎರಡನ್ನೂ ಹೊಂದಿಸಲು ಅವರು ಕಂಡುಕೊಂಡ ದಾರಿ: ದೇವರು ಜಗತ್ತನ್ನು ಸೃಷ್ಟಿಸಿದ್ದೇ ಹಳತಿನ ಗುರುತುಗಳ ಸಮೇತ. ಮೊದಲ ಮರಕ್ಕೂ ವರ್ಷದ ಉಂಗುರವಿತ್ತು, ತಾಯಿಯೇ ಇಲ್ಲದ ಆದಮನಿಗೂ ಹೊಕ್ಕುಳಿತ್ತು. ವಿಜ್ಞಾನಿಗಳೂ ಒಪ್ಪಲಿಲ್ಲ, ಭಕ್ತರೂ ಒಪ್ಪಲಿಲ್ಲ. ಪುಸ್ತಕ ಮಾರಾಟವಾಗದೆ ಉಳಿಯಿತು. ನಮಗೆ ಅಚ್ಚರಿ ಅನ್ನಿಸುವುದು ಇದು: ಒಂದು ಜಾಡಿ ನೀರು ಕೂಡ ಸಿದ್ಧವಾಗಿ ಹುಟ್ಟುವುದಿಲ್ಲ, ಅದಕ್ಕೆ ಅದರದೇ ದಿನಗಳು ಬೇಕು ಎಂದು ಮೂರು ವರ್ಷ ಹಿಂದಷ್ಟೇ ತೋರಿಸಿದವರೂ ಇವರೇ. ಹೆಂಡತಿ ಹೋದ ವರ್ಷದಲ್ಲಿ ಬಂದ ಪುಸ್ತಕವನ್ನು ಗೇಲಿ ಮಾಡುವುದು ಸುಲಭ, ನಮಗೆ ಮನಸ್ಸು ಬರುವುದಿಲ್ಲ.

ಅದೇ ವರ್ಷ ಮಗನನ್ನು ಕರೆದುಕೊಂಡು ಡೆವನ್‌ನ ಸೇಂಟ್ ಮೇರಿಚರ್ಚ್‌ಗೆ ಹೋಗಿ ನೆಲೆಸಿದರು. ಬ್ರಿಟನ್ನಿನ ಕಡಲ ಅನಿಮೋನ್ ಮತ್ತು ಹವಳಗಳ ಮೇಲೆ ಅವರ ದೊಡ್ಡ ಗ್ರಂಥ 1860ರಲ್ಲಿ ಪೂರ್ಣವಾಯಿತು. ಆ ವರ್ಷವೇ ಎಲೈಜಾ ಬ್ರೈಟ್‌ವೆನ್ ಅವರನ್ನು ಮರುಮದುವೆಯಾದರು. ವಿಕಾಸವಾದವನ್ನು ಒಪ್ಪದಿದ್ದರೂ ಡಾರ್ವಿನ್ ಜೊತೆ ಪತ್ರವ್ಯವಹಾರ ಇತ್ತು. ಆಮೇಲೆ ಆರ್ಕಿಡ್ ಬೆಳೆಸಿದರು, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ರೋಟಿಫರ್ ಜೀವಿಗಳ ಚಿತ್ರ ಬರೆದರು. ಮಗ ಅಪ್ಪನ ಧರ್ಮದಿಂದ ದೂರ ಸರಿದು ಸಾಹಿತಿಯಾದ. 1907ರಲ್ಲಿ ಬಂದ ‘ಫಾದರ್ ಅಂಡ್ ಸನ್’ ಎಂಬ ಆತನ ಆತ್ಮಕಥೆಯಲ್ಲಿ, ತಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಬಗ್ಗಿ ನೋಡಿದ್ದ ಬಂಡೆಗುಂಡಿಗಳು ಅಪ್ಪನ ಪುಸ್ತಕ ಓದಿ ಬಂದವರಿಂದಲೇ ಹಾಳಾದ ಕಥೆ ಇದೆ. ಅದು ತಂದೆಗೂ ಗೊತ್ತಿತ್ತು, ನೋವೂ ಇತ್ತು ಎಂದು ಆತ ದಾಖಲಿಸಿದ್ದಾನೆ.

ಮುಪ್ಪಿನಲ್ಲಿ ಗೋಸ್ ಅವರಿಗೆ ನಕ್ಷತ್ರಗಳ ಗೀಳು ಹತ್ತಿತು. ಚಳಿಗಾಲದ ರಾತ್ರಿ ತೆರೆದ ಕಿಟಕಿಯ ಬಳಿ ದೂರದರ್ಶಕ ಸರಿಮಾಡುತ್ತಾ ಕೂತದ್ದರಿಂದ ಎದೆಗೆ ಶೀತ ಹಿಡಿಯಿತು. ಅಲ್ಲಿಂದ ಚೇತರಿಸಿಕೊಳ್ಳಲಿಲ್ಲ. 1888ರ ಆಗಸ್ಟ್ 23ರಂದು ತೀರಿಕೊಂಡರು, 78 ವರ್ಷ. ಎರಡು ವರ್ಷದ ನಂತರ, 1890ರಲ್ಲಿ, ರಷ್ಯಾ ಮೂಲದ ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಅಮೋನಿಯವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಬೇರ್ಪಡಿಸಿ ತೋರಿಸಿದರು.